1944ರ ಮಾರ್ಚ್ 16ರಂದು ಕಾಣೆಯಾದ ಜರ್ಮನ್ ಯುದ್ಧವಿಮಾನ ಸಿಬ್ಬಂದಿ: ಹುಡುಕಾಟವನ್ನು ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ: ಡಾನ್ಯೂಬ್‌ತೀರ

ಎಲ್ಲರಿಗೂ ನಮಸ್ಕಾರ. ನಾನು ಕೆಲವು ವರ್ಷಗಳಿಂದ ದಕ್ಷಿಣ ಜರ್ಮನಿಯ ಉಲ್ಮ್ ನಗರದಲ್ಲಿ ಉದ್ಯೋಗದಲ್ಲಿದ್ದೇನೆ. ನಮ್ಮ ಕಟ್ಟಡದ ಕೆಳಮಹಡಿಯಲ್ಲಿ ವಾಸವಾಗಿರುವ, ತೊಂಬತ್ತರ ಸಮೀಪದ ಹಿರಿಯ ಮಹಿಳೆಯೊಬ್ಬರು ಯುದ್ಧದಲ್ಲಿ ಕಾಣೆಯಾದ ತಮ್ಮ ಚಿಕ್ಕಪ್ಪನ ಬಗ್ಗೆ ಏನಾದರೂ ತಿಳಿಯಲು ಸಾಧ್ಯವೇ ಎಂದು ನನ್ನನ್ನು ಕೇಳಿದ್ದಾರೆ. ಅವರಿಗೆ ಮಕ್ಕಳಿಲ್ಲ, ಕಂಪ್ಯೂಟರ್ ಬಳಸುವ ಅಭ್ಯಾಸವೂ ಇಲ್ಲ. ನನಗೆ ಎರಡನೆಯ ಮಹಾಯುದ್ಧದ ಇತಿಹಾಸದಲ್ಲಿ ಆಸಕ್ತಿ ಇದೆ ಎಂಬ ಒಂದೇ ಕಾರಣಕ್ಕೆ ಈ ಕೆಲಸ ನನ್ನ ಪಾಲಿಗೆ ಬಂದಿದೆ.

ಅವರ ಚಿಕ್ಕಪ್ಪ ಲುಫ್ಟ್‌ವಾಫೆಯ, ಅಂದರೆ ಅಂದಿನ ಜರ್ಮನ್ ವಾಯುಪಡೆಯ, ಮೆಸ್ಸರ್‌ಶ್ಮಿಟ್ 110 ವಿಮಾನದಲ್ಲಿ ಪೈಲಟ್‌ನ ಹಿಂದಿನ ಆಸನದಲ್ಲಿ ಕುಳಿತು ರೇಡಿಯೋ ಮತ್ತು ಹಿಂಬದಿಯ ಮೆಷಿನ್‌ಗನ್ ಎರಡನ್ನೂ ನೋಡಿಕೊಳ್ಳುತ್ತಿದ್ದ ಉಂಟರ್‌ಆಫಿಟ್ಸಿಯರ್ (ಅಧಿಕಾರಿಗಿಂತ ಕೆಳಗಿನ) ದರ್ಜೆಯ ಯುವಕ. ಕುಟುಂಬದ ಬಳಿ ಉಳಿದಿರುವುದು ಎರಡೇ ವಸ್ತುಗಳು. ಒಂದು, ವಿಮಾನದ ಬಾಲದ ಪಕ್ಕ ನಿಂತು ತೆಗೆಸಿಕೊಂಡ ಭಾವಚಿತ್ರ. ಇನ್ನೊಂದು, 1944ರ ಮಾರ್ಚ್ ಕೊನೆಯಲ್ಲಿ ಅವರ ತುಕಡಿಯ ಅಧಿಕಾರಿ ಅವರ ತಂದೆತಾಯಿಗೆ ಬರೆದ ಪತ್ರ. ಮಾರ್ಚ್ 16ರಂದು ಆಗ್ಸ್‌ಬುರ್ಗ್ ಮತ್ತು ಉಲ್ಮ್ ನಡುವಿನ ಪ್ರದೇಶದಲ್ಲಿ ಅಮೆರಿಕದ ಯುದ್ಧವಿಮಾನಗಳೊಂದಿಗೆ ನಡೆದ ಘೋರ ಕಾಳಗದಲ್ಲಿ ವಿಮಾನ ಉರುಳಿತು, ಪೈಲಟ್‌ನ ದೇಹ ಸಿಕ್ಕಿದೆ, ತಮ್ಮ ಮಗನ ಕುರುಹು ಮಾತ್ರ ಈವರೆಗೆ ಸಿಕ್ಕಿಲ್ಲ ಎಂದು ಆ ಪತ್ರದಲ್ಲಿದೆ. ಪೈಲಟ್‌ನ ಹೆಸರೂ ಅದರಲ್ಲಿದೆ. ಲಕೋಟೆಯ ಮೇಲೆ ಎಲ್ ಅಕ್ಷರದಿಂದ ಆರಂಭವಾಗುವ ಸೇನಾ ಅಂಚೆ ಸಂಖ್ಯೆ ಇದೆ. ಪತ್ರ ಹೋದದ್ದು ಬ್ರೆಸ್ಲೌ ನಗರದ ವಿಳಾಸಕ್ಕೆ. ಆ ಕುಟುಂಬ 1945ರ ಜನವರಿಯಲ್ಲಿ, ಸೋವಿಯತ್ ಸೇನೆ ಸಮೀಪಿಸುತ್ತಿದ್ದಾಗ, ಮನೆ ಬಿಟ್ಟು ಪಶ್ಚಿಮಕ್ಕೆ ಹೊರಟಿತು. ಅಲ್ಲಿಂದ ಮುಂದೆ ಯಾವ ಸುದ್ದಿಯೂ ಬಂದಿಲ್ಲವಂತೆ.

ನನ್ನ ಪ್ರಶ್ನೆಗಳು ಇಷ್ಟು. ಯಾವ ಕಚೇರಿಗೆ ಮೊದಲು ಬರೆಯಬೇಕು? ಸಂಬಂಧಿಯಲ್ಲದ ನಾನು ಬರೆದರೆ ಉತ್ತರ ಕೊಡುತ್ತಾರೆಯೇ? ಅಂತರ್ಜಾಲದಲ್ಲಿ ಓಡಾಡುತ್ತಿರುವ ವಿಮಾನ ನಷ್ಟದ ಪಟ್ಟಿಗಳನ್ನು ಎಷ್ಟರ ಮಟ್ಟಿಗೆ ನಂಬಬಹುದು? ಒಂದು ವೇಳೆ ವಿಮಾನ ಬಿದ್ದ ಜಾಗ ಗೊತ್ತಾದರೆ ಅಲ್ಲಿ ಅಗೆದು ನೋಡುವ ಅವಕಾಶವಿದೆಯೇ?

ಉತ್ತರ: ಕಡತದಮನೆ

ತಾವು ಕೊಟ್ಟಿರುವ ವಿವರಗಳಲ್ಲಿ ಅತ್ಯಂತ ಬೆಲೆಯುಳ್ಳದ್ದು ಪೈಲಟ್‌ನ ದೇಹ ಸಿಕ್ಕಿದೆ ಎಂಬ ಸಾಲು. ಇಬ್ಬರೂ ಒಂದೇ ವಿಮಾನದಲ್ಲಿದ್ದವರು. ಒಬ್ಬರ ಮರಣದ ದಾಖಲೆಯಲ್ಲಿ ಊರಿನ ಹೆಸರು ಇದ್ದರೆ ಇನ್ನೊಬ್ಬರ ಹುಡುಕಾಟ ಇಡೀ ಸ್ವಾಬಿಯಾ ಪ್ರಾಂತ್ಯದಿಂದ ಕೆಲವು ಹಳ್ಳಿಗಳ ವ್ಯಾಪ್ತಿಗೆ ಇಳಿಯುತ್ತದೆ. ಆದ್ದರಿಂದ ಚಿಕ್ಕಪ್ಪನ ಹೆಸರನ್ನು ಹುಡುಕುವಷ್ಟೇ ಶ್ರದ್ಧೆಯಿಂದ ಆ ಪೈಲಟ್‌ನ ಹೆಸರನ್ನೂ ಹುಡುಕಿ. ಮೊದಲ ಹೆಜ್ಜೆಯನ್ನು ಇಂದೇ ಇಡಬಹುದು: 1919ರಲ್ಲಿ ಸ್ಥಾಪನೆಯಾದ, ಕಾಸೆಲ್ ನಗರದ ಬಳಿ ಕೇಂದ್ರ ಕಚೇರಿ ಇರುವ ಫೋಲ್ಕ್ಸ್‌ಬುಂಡ್ ಎಂಬ ಜರ್ಮನ್ ಯುದ್ಧಸಮಾಧಿ ಸಂಸ್ಥೆಯ ಹೆಸರುಗಳ ಕೋಶವನ್ನು ಯಾರು ಬೇಕಾದರೂ ಶುಲ್ಕವಿಲ್ಲದೆ ನೋಡಬಹುದು, ಅದರಲ್ಲಿ ನಲವತ್ತು ಲಕ್ಷಕ್ಕೂ ಹೆಚ್ಚು ಹೆಸರುಗಳಿವೆ. ಹೆಸರಿನ ಕಾಗುಣಿತವನ್ನು ಬದಲಿಸಿ ಬದಲಿಸಿ ನೋಡಿ. ಜರ್ಮನ್ ಸ್ವರಾಕ್ಷರಗಳ ಮೇಲಿನ ಉಮ್ಲೌಟ್ ಚುಕ್ಕಿ ಬಿಟ್ಟುಹೋದ, ಒಂದು ಅಕ್ಷರ ಎರಡಾದ ನಮೂದುಗಳು ಅಲ್ಲಿ ಸಾಮಾನ್ಯ. ಜನ್ಮದಿನಾಂಕ ಹೊಂದಿದರೆ ಕಾಗುಣಿತದ ವ್ಯತ್ಯಾಸಕ್ಕೆ ಹೆಚ್ಚು ಬೆಲೆ ಕೊಡಬೇಕಾಗಿಲ್ಲ.

ಎರಡನೆಯದು ಬರ್ಲಿನ್. ಸೇನೆಯ ಸಾವುನೋವು ಮತ್ತು ಯುದ್ಧಕೈದಿಗಳ ಮಾಹಿತಿಗಾಗಿ 1939ರ ಆಗಸ್ಟ್ 26ರಂದು, ಅಂದರೆ ಯುದ್ಧ ಆರಂಭವಾಗುವ ಮುನ್ನವೇ, ತೆರೆದ ಕಚೇರಿಯೊಂದಿತ್ತು; ಹಳಬರು ಇಂದಿಗೂ ಅದನ್ನು ವಾಸ್ಟ್ ಎಂದೇ ಕರೆಯುತ್ತಾರೆ. 2019ರ ಜನವರಿ 1ರಿಂದ ಅದು ಬುಂಡೆಸ್‌ಆರ್ಕೀವ್, ಅಂದರೆ ರಾಷ್ಟ್ರೀಯ ಪತ್ರಾಗಾರದ, ಒಂದು ವಿಭಾಗವಾಗಿದೆ. ಇರುವುದು ಬರ್ಲಿನ್‌ನ ರೈನಿಕೆನ್‌ಡೋರ್ಫ್ ಬಡಾವಣೆಯಲ್ಲಿ. ಒಂದು ಕೋಟಿ ಎಂಬತ್ತು ಲಕ್ಷಕ್ಕೂ ಹೆಚ್ಚು ಸೈನಿಕರ ಕಾರ್ಡುಗಳು, ಗುರುತುಬಿಲ್ಲೆಗಳ ಪಟ್ಟಿಗಳು, ಸಮಾಧಿ ಕಾರ್ಡುಗಳು ಅಲ್ಲಿವೆ. ತಮಗೆ ಬೇಕಾದದ್ದು ಹೆಸರುವಾರು ನಷ್ಟವರದಿ. ಅದರಲ್ಲಿ ಸೈನಿಕನ ಹೆಸರು, ದರ್ಜೆ, ತುಕಡಿ, ಜನ್ಮದಿನಾಂಕ, ಗುರುತುಬಿಲ್ಲೆಯ ಸಂಖ್ಯೆ, ನಷ್ಟವಾದ ದಿನ ಮತ್ತು ಸ್ಥಳ, ಮನೆಯವರ ವಿಳಾಸ ಇವೆಲ್ಲ ಒಂದೇ ಸಾಲಿನಲ್ಲಿ ಇರುತ್ತವೆ. ಕಾಣೆಯಾದವನು ಆಮೇಲೆ ಸಿಕ್ಕಿದ್ದರೆ ತಿದ್ದುಪಡಿಯ ವರದಿಯೊಂದು ಪ್ರತ್ಯೇಕವಾಗಿ ಬರುತ್ತಿತ್ತು. ಹೆಚ್ಚಿನ ಹುಡುಕಾಟಗಳು ಮೊದಲ ವರದಿಗೇ ನಿಂತುಬಿಡುತ್ತವೆ, ಏಕೆಂದರೆ ತಿದ್ದುಪಡಿಯೂ ಇದೆಯೇ ಎಂದು ಯಾರೂ ಕೇಳುವುದಿಲ್ಲ. ಅರ್ಜಿಯನ್ನು ಆ ಹಿರಿಯರ ಸಹಿಯಿಂದಲೇ ಕಳುಹಿಸಿ, ತಮ್ಮ ಹೆಸರಿಗೆ ಅವರಿಂದ ಅಧಿಕಾರಪತ್ರವನ್ನು ಬರೆಸಿ ಲಗತ್ತಿಸಿ. ಉತ್ತರಕ್ಕೆ ಹಲವು ತಿಂಗಳುಗಳು, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಕಾಲ ಹಿಡಿಯುತ್ತದೆ. ಅವರ ವಯಸ್ಸನ್ನು ಪತ್ರದಲ್ಲಿ ತಿಳಿಸುವುದರಲ್ಲಿ ತಪ್ಪೇನೂ ಇಲ್ಲ.

ಈಗ ಬ್ರೆಸ್ಲೌ ವಿಳಾಸದ ವಿಚಾರ. ಇಲ್ಲಿ ಸ್ವಲ್ಪ ನಿಧಾನವಾಗಿ ಯೋಚಿಸಬೇಕು. ಕುಟುಂಬ ಆ ಮನೆಯಲ್ಲಿ 1945ರ ಜನವರಿಯವರೆಗೆ ಇತ್ತು ಎಂದ ಮೇಲೆ, ಕಾಳಗ ನಡೆದ ನಂತರದ ಹತ್ತು ತಿಂಗಳಲ್ಲಿ ಆ ಯುವಕನ ದೇಹ ಸಿಕ್ಕಿ ಗುರುತು ಹಿಡಿಯಲಾಗಿದ್ದರೆ ಸುದ್ದಿ ಅವರಿಗೆ ತಲುಪಬೇಕಾಗಿತ್ತು. ತಲುಪಲಿಲ್ಲ. ಹಾಗಾಗಿ ಅವನು ಸಿಕ್ಕಿಯೂ ಗುರುತು ಹತ್ತದೆ ಅಜ್ಞಾತನೆಂದು ಎಲ್ಲೋ ಹೂಳಲ್ಪಟ್ಟಿರಬಹುದು. ಅಥವಾ 1945ರ ನಂತರ, ಹೊಲಗಳಲ್ಲಿ ಬಿದ್ದಿದ್ದ ವಿಮಾನಗಳ ಲೋಹವನ್ನು ಗುಜರಿಗೆ ಎತ್ತುತ್ತಿದ್ದ ಕಾಲದಲ್ಲಿ, ಸಿಕ್ಕಿರಬಹುದು. ಅಥವಾ ಇಂದಿಗೂ ನೆಲದಲ್ಲೇ ಇರಬಹುದು. ಎರಡನೆಯದೇ ನಡೆದಿದ್ದರೆ ಕಚೇರಿಯವರು ಸುದ್ದಿ ತಿಳಿಸಲು ತೆಗೆದ ಕಾರ್ಡಿನಲ್ಲಿ ಇದ್ದದ್ದು ಬ್ರೆಸ್ಲೌ ವಿಳಾಸ, ಅಷ್ಟರಲ್ಲಿ ಆ ನಗರ ಪೋಲೆಂಡಿನ ವ್ರೊತ್ಸ್ವಾಫ್ ಆಗಿತ್ತು, ಆ ಬೀದಿಯ ಜರ್ಮನ್ ನಿವಾಸಿಗಳು ಚದುರಿಹೋಗಿದ್ದರು. ಪೂರ್ವ ಪ್ರಾಂತ್ಯಗಳಿಂದ ಬಂದ ಎಷ್ಟೋ ಕುಟುಂಬಗಳಲ್ಲಿ ‘ಕಾಣೆಯಾದವರು’ ದಾಖಲೆಯಲ್ಲಿ ಕಾಣೆಯಾಗಿರುವುದೇ ಇಲ್ಲ. ದಾಖಲೆಗೂ ಕುಟುಂಬಕ್ಕೂ ನಡುವಿನ ದಾರಿ ಕಡಿದುಹೋಗಿರುತ್ತದೆ ಅಷ್ಟೆ. ಆದ್ದರಿಂದ ತಾವು ವಿಶೇಷವಾಗಿ ಕೇಳಬೇಕಾದದ್ದು 1945ರ ಜನವರಿಯ ನಂತರ ಆ ಕಾರ್ಡಿಗೆ ಏನಾದರೂ ಸೇರಿದೆಯೇ ಎಂಬುದನ್ನು.

ಇದೇ ಕಾರಣಕ್ಕೆ ಇನ್ನೊಂದು ವಿಷಯವನ್ನು ಆ ಹಿರಿಯರಿಂದ ಕೇಳಿ ತಿಳಿದುಕೊಳ್ಳಿ. 1950ರ ಮಾರ್ಚ್‌ನಲ್ಲಿ ಪಶ್ಚಿಮ ಜರ್ಮನಿಯ ಸರ್ಕಾರ ಕಾಣೆಯಾದವರನ್ನೂ ಯುದ್ಧಕೈದಿಗಳನ್ನೂ ನೋಂದಾಯಿಸಲು ಮನೆಯವರಿಗೆ ಕರೆ ಕೊಟ್ಟಿತ್ತು. ಅವರ ಅಜ್ಜಿ ಅಥವಾ ತಂದೆ ಆಗ ಹೆಸರು ಬರೆಸಿದ್ದರೆ ಮ್ಯೂನಿಕ್‌ನಲ್ಲಿರುವ ಜರ್ಮನ್ ರೆಡ್‌ಕ್ರಾಸ್ ಶೋಧ ವಿಭಾಗದಲ್ಲಿ ಕಡತ ಇರುತ್ತದೆ. ಆ ವಿಭಾಗ 1950ರ ದಶಕದ ಕೊನೆಯಲ್ಲಿ ಸೇನಾ ಅಂಚೆ ಸಂಖ್ಯೆಯ ಕ್ರಮದಲ್ಲಿ ಜೋಡಿಸಿ ಹೊರತಂದ, ಭಾವಚಿತ್ರಗಳುಳ್ಳ ಇನ್ನೂರಕ್ಕೂ ಹೆಚ್ಚು ಸಂಪುಟಗಳಲ್ಲಿ ಹದಿನಾಲ್ಕು ಲಕ್ಷದಷ್ಟು ಹೆಸರುಗಳಿವೆ. ತಮ್ಮ ಬಳಿ ಅಂಚೆ ಸಂಖ್ಯೆ ಇರುವುದರಿಂದ ಹೆಸರು ತಪ್ಪಾಗಿ ಅಚ್ಚಾಗಿದ್ದರೂ ಆ ಪುಟ ಸಿಗುತ್ತದೆ. ಹಾಗೆಯೇ, ಕುಟುಂಬದವರು ನ್ಯಾಯಾಲಯದಿಂದ ಮರಣ ಘೋಷಣೆ ಪಡೆದಿದ್ದರೇ ಎಂದೂ ವಿಚಾರಿಸಿ. ಅಂಥ ಘೋಷಣೆಗಳ ಪುಸ್ತಕ ಬರ್ಲಿನ್‌ನ ಒಂದನೆಯ ನೋಂದಣಿ ಕಚೇರಿಯಲ್ಲಿದೆ.

ಅಂತರ್ಜಾಲದ ಪಟ್ಟಿಗಳ ಬಗ್ಗೆ ಒಂದು ಮಾತು. ಅವುಗಳಲ್ಲಿ ಹೆಚ್ಚಿನವುಗಳ ಮೂಲ ಲುಫ್ಟ್‌ವಾಫೆಯ ಕ್ವಾರ್ಟರ್‌ಮಾಸ್ಟರ್ ಜನರಲ್ ಕಚೇರಿಯ ದಿನವಾರು ನಷ್ಟಪಟ್ಟಿ. ಅದು ಈಗ ಫ್ರೈಬುರ್ಗ್‌ನ ಸೇನಾ ಪತ್ರಾಗಾರದಲ್ಲಿದೆ. 1943ರ ಕೊನೆಯವರೆಗಿನ ಸಂಪುಟಗಳು ಬಹುಮಟ್ಟಿಗೆ ಉಳಿದಿವೆ. ಹಾರಾಟದ ತುಕಡಿಗಳಿಗೆ ಸಂಬಂಧಿಸಿದ 1944ರ ಮುಖ್ಯ ಸಂಪುಟಗಳು ಉಳಿದಿಲ್ಲ. ತಮ್ಮ ಪ್ರಕರಣ ಬೀಳುವುದು ಸರಿಯಾಗಿ ಆ ಕಂದಕದಲ್ಲಿ. ಆದ್ದರಿಂದ 1944ರ ಮಾರ್ಚ್ ತಿಂಗಳ ಯಾವ ಪಟ್ಟಿಯನ್ನು ನೋಡಿದರೂ ಅದು ಹೆಸರುವಾರು ವರದಿ, ಸಮಾಧಿ ದಾಖಲೆ, ಬದುಕುಳಿದವರ ಹಾರಾಟ ಪುಸ್ತಕ ಇತ್ಯಾದಿಗಳಿಂದ ಯಾರೋ ಹೊಲಿದು ಕೂಡಿಸಿದ್ದು ಎಂಬುದನ್ನು ಮರೆಯಬೇಡಿ. ಅದರಲ್ಲಿ ಹೆಸರು ಇಲ್ಲ ಎಂಬುದರಿಂದ ಏನೂ ಸಾಬೀತಾಗುವುದಿಲ್ಲ.

ಉತ್ತರ: ಮಾರುತಹಳಬ

ನಾನು ಬೆಂಗಳೂರಿನ ಎಚ್‌ಎಎಲ್‌ನಲ್ಲಿ ವಿಮಾನದ ಚೌಕಟ್ಟಿನ ಕೆಲಸ ಮಾಡಿ ನಿವೃತ್ತನಾದವನು. ಫೋಕೆ ವುಲ್ಫ್ 190ರ ವಿನ್ಯಾಸಕಾರ ಕುರ್ಟ್ ಟ್ಯಾಂಕ್ 1956ರಲ್ಲಿ ನಮ್ಮ ಕಾರ್ಖಾನೆಗೆ ಬಂದು, 1961ರ ಜೂನ್ 17ರಂದು ಮೊದಲ ಬಾರಿಗೆ ಹಾರಿದ ಮಾರುತ ವಿಮಾನವನ್ನು ರೂಪಿಸಿದ ಕಥೆಯನ್ನು ಹಿರಿಯ ಸಹೋದ್ಯೋಗಿಗಳ ಬಾಯಲ್ಲಿ ಕೇಳುತ್ತಾ ಬೆಳೆದವನಾದ್ದರಿಂದ ಜರ್ಮನ್ ವಿಮಾನಗಳ ಗೀಳು ನನಗೆ ಅಲ್ಲಿಂದ ಹತ್ತಿದ್ದು. ಕಡತದಮನೆಯವರು ಹೇಳಿದ್ದನ್ನು ಒಪ್ಪುತ್ತೇನೆ. ಆದರೆ ಬರ್ಲಿನ್‌ನ ಉತ್ತರ ಬರುವವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ಆ ದಿನದ ಕಾಳಗವನ್ನೂ ಆ ವಿಮಾನವನ್ನೂ ಇನ್ನೊಂದು ಬದಿಯಿಂದ ಹುಡುಕಬಹುದು.

ಮಾರ್ಚ್ 16ರ ಘಟನೆ ಸಣ್ಣದಲ್ಲ. ಅಂದು ಅಮೆರಿಕದ ಎಂಟನೆಯ ವಾಯುಪಡೆಯ ಬಾಂಬರ್‌ಗಳು ಆಗ್ಸ್‌ಬುರ್ಗ್ ಮತ್ತು ಉಲ್ಮ್ ಕಡೆಗೆ ಬಂದಿದ್ದವು. ಅವುಗಳನ್ನು ತಡೆಯಲು ಹೊರಟ 76ನೆಯ ತ್ಸೆರ್‌ಷ್ಟೋರರ್ ಗೆಶ್ವಾಡರ್‌ನ (ಭಾರಿ ಯುದ್ಧವಿಮಾನಗಳ ದೊಡ್ಡ ದಳದ) 43 ಮೆಸ್ಸರ್‌ಶ್ಮಿಟ್ 110ಗಳ ಪೈಕಿ 26 ನಾಶವಾದವು. ಎರಡು ಎಂಜಿನ್‌ನ ಈ ವಿಮಾನ ಬಾಂಬರ್‌ಗಳ ಮೇಲೆ ದೂರದಿಂದ ಹಾರಿಸಲು ರೆಕ್ಕೆಗಳ ಕೆಳಗೆ 21 ಸೆಂಟಿಮೀಟರ್ ರಾಕೆಟ್ ಕೊಳವೆಗಳನ್ನು ಹೊತ್ತಿರುತ್ತಿತ್ತು. ಬೆಂಗಾವಲಿಲ್ಲದ ಬಾಂಬರ್‌ಗಳ ಎದುರು ಅದು ಪರಿಣಾಮಕಾರಿಯಾಗಿತ್ತು. 1943ರ ಡಿಸೆಂಬರ್‌ನಿಂದ ಮಸ್ಟಾಂಗ್ ಯುದ್ಧವಿಮಾನಗಳು ಬಾಂಬರ್‌ಗಳ ಜೊತೆಗೇ ಜರ್ಮನಿಯ ಒಳಗಿನವರೆಗೆ ಬರತೊಡಗಿದ ಮೇಲೆ, ಆ ಭಾರ ಹೊತ್ತ 110ಕ್ಕೆ ತಿರುಗಿ ಕಾದಾಡುವ ಶಕ್ತಿಯೂ ಇರಲಿಲ್ಲ, ತಪ್ಪಿಸಿಕೊಳ್ಳುವ ವೇಗವೂ ಇರಲಿಲ್ಲ. ಮೆಸ್ಸರ್‌ಶ್ಮಿಟ್ ಕಂಪನಿಯ ಮುಖ್ಯ ಕಾರ್ಖಾನೆ ಇದ್ದದ್ದು ಆಗ್ಸ್‌ಬುರ್ಗ್‌ನಲ್ಲೇ. ಆ ಹೆಸರಿನ ವಿಮಾನಗಳು ಅದರ ಸುತ್ತಲಿನ ಹೊಲಗಳಲ್ಲೇ ಉದುರಿದವು. ತಮ್ಮ ಪತ್ರದಲ್ಲಿನ ದಿನಾಂಕ ಮತ್ತು ಸ್ಥಳ ಈ ಗೆಶ್ವಾಡರ್‌ಗೆ ಹೊಂದುತ್ತವೆ. ಹಾಗಿದ್ದರೂ ಅಂಚೆ ಸಂಖ್ಯೆಯಿಂದ ಖಚಿತಪಡಿಸಿಕೊಳ್ಳದೆ ಅದನ್ನೇ ಸತ್ಯವೆಂದು ಅರ್ಜಿಯಲ್ಲಿ ಬರೆಯಬೇಡಿ. ತಪ್ಪು ತುಕಡಿಯ ಹೆಸರು ಬರೆದರೆ ಹುಡುಕುವವರು ತಪ್ಪು ಪಟ್ಟಿಯನ್ನು ತೆಗೆದು ಇಲ್ಲ ಎಂದು ಬರೆದು ಕಳುಹಿಸುತ್ತಾರೆ.

ಅಂದು ಹಾರಿದ ಅಮೆರಿಕನ್ ಪೈಲಟ್‌ಗಳು ಪ್ರತಿ ಕಾಳಗದ ನಂತರ ಬರೆದ ವರದಿಗಳು ಅಲಬಾಮಾ ರಾಜ್ಯದ ಮ್ಯಾಕ್ಸ್‌ವೆಲ್ ವಾಯುನೆಲೆಯಲ್ಲಿರುವ ಅಮೆರಿಕ ವಾಯುಪಡೆಯ ಇತಿಹಾಸ ಸಂಶೋಧನಾ ಕೇಂದ್ರದಲ್ಲೂ ಮೇರಿಲ್ಯಾಂಡ್‌ನ ಕಾಲೇಜ್ ಪಾರ್ಕ್‌ನಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲೂ ಇವೆ. ಎಷ್ಟು ಗಂಟೆಗೆ, ಯಾವ ಊರಿನ ಮೇಲೆ, ಎಷ್ಟು ಎತ್ತರದಲ್ಲಿ, ಎಷ್ಟು ಪ್ಯಾರಾಚೂಟ್‌ಗಳು ಬಿಚ್ಚಿಕೊಂಡವು ಎಂಬುದನ್ನು ಅವರು ಬರೆಯುತ್ತಿದ್ದರು. ಈ ಕೊನೆಯ ಅಂಶ ತಮಗೆ ಮುಖ್ಯ. ಹಿಂದಿನ ಆಸನದವನು ಜಿಗಿದಿದ್ದರೆ ಅವನು ವಿಮಾನ ಬಿದ್ದ ಜಾಗದಿಂದ ಕೆಲವು ಕಿಲೋಮೀಟರ್ ದೂರದ ಕಾಡಿನಲ್ಲಿ ಬಿದ್ದಿರಬಹುದು, ಅಥವಾ ಗಾಯಗೊಂಡು ಬೇರೆ ಜಿಲ್ಲೆಯ ಆಸ್ಪತ್ರೆಯಲ್ಲಿ ಹೆಸರು ಹೇಳಲಾಗದೆ ತೀರಿಕೊಂಡಿರಬಹುದು. ಆದರೆ ಇಂಥ ವರದಿಗಳಲ್ಲಿ ಒಂದೇ ವಿಮಾನವನ್ನು ಇಬ್ಬರು ಮೂವರು ತಮ್ಮ ಲೆಕ್ಕಕ್ಕೆ ಬರೆದುಕೊಂಡಿರುವುದು ಸಾಮಾನ್ಯ. ಹತ್ತಾರು ವಿಮಾನಗಳು ಕೆಲವೇ ನಿಮಿಷಗಳಲ್ಲಿ ಬಿದ್ದ ದಿನ ಯಾವ ಪೈಲಟ್ ಯಾವ 110ನ್ನು ಉರುಳಿಸಿದ ಎಂದು ನಿಖರವಾಗಿ ಜೋಡಿಸಿ ತೋರಿಸುವ ಲೇಖನಗಳನ್ನು ನಾನು ಅನುಮಾನದಿಂದಲೇ ಓದುತ್ತೇನೆ.

ಭಾವಚಿತ್ರವನ್ನು ಭೂತಗನ್ನಡಿ ಹಿಡಿದು ನೋಡಿ. ಬಾಲದ ನೇರ ರೆಕ್ಕೆಯ ಮೇಲೆ ಸಣ್ಣ ಅಂಕಿಗಳಲ್ಲಿ ಕಾರ್ಖಾನೆಯ ಕ್ರಮಸಂಖ್ಯೆ ಇರುತ್ತದೆ. ಒಡಲಿನ ಮೇಲೆ ಶಿಲುಬೆಯ ಗುರುತಿನ ಎಡಬಲಗಳಲ್ಲಿ ಎರಡೆರಡು ಅಕ್ಷರಾಂಕಗಳಿದ್ದರೆ ಮೊದಲ ಎರಡು ಗೆಶ್ವಾಡರ್‌ನ ಸಂಕೇತ, ಮೂರನೆಯದು ಆ ವಿಮಾನದ್ದೇ ಅಕ್ಷರ, ನಾಲ್ಕನೆಯದು ಸ್ಟಾಫೆಲ್‌ನ, ಅಂದರೆ ಗೆಶ್ವಾಡರ್‌ನೊಳಗಿನ ಸಣ್ಣ ತುಕಡಿಯ, ಅಕ್ಷರ. ಉದಾಹರಣೆಗೆ ಮೊದಲ ಎರಡು ಜಿ9 ಎಂದಿದ್ದರೆ ಅದು ರಾತ್ರಿ ಕಾಳಗದ ಒಂದನೆಯ ಗೆಶ್ವಾಡರ್. ಕೊನೆಯ ಅಕ್ಷರ ಎಚ್ ಆಗಿದ್ದರೆ ಮೊದಲ ಸ್ಟಾಫೆಲ್, ಕೆ ಆಗಿದ್ದರೆ ಎರಡನೆಯದು, ಎಲ್ ಆಗಿದ್ದರೆ ಮೂರನೆಯದು. ಆ ಚಿತ್ರದಲ್ಲಿರುವುದು ಅವನು ಕೊನೆಯ ಬಾರಿ ಹಾರಿದ ವಿಮಾನವೇ ಆಗಿರಬೇಕಿಲ್ಲ. ಆದರೆ ಸ್ಟಾಫೆಲ್ ತಿಳಿದರೆ ಅದೇ ಸ್ಟಾಫೆಲ್‌ನ ಇತರರ ದಾಖಲೆಗಳನ್ನು ಪಕ್ಕದಲ್ಲಿಟ್ಟು ಓದಬಹುದು.

ಹಳೆಯ ಪಟ್ಟಿಗಳಲ್ಲಿ ವಿಮಾನದ ಹೆಸರಿನ ಪಕ್ಕ ಶೇಕಡಾವಾರು ಅಂಕಿ ಕಂಡರೆ ಗಾಬರಿಯಾಗಬೇಡಿ, ಅದು ಹಾನಿಯ ಪ್ರಮಾಣ. ಹತ್ತಕ್ಕಿಂತ ಕಡಿಮೆ ಇದ್ದರೆ ತುಕಡಿಯಲ್ಲೇ ಸರಿಪಡಿಸುವ ಸಣ್ಣ ಪೆಟ್ಟು. ಅರವತ್ತು ದಾಟಿದರೆ ಬಿಡಿಭಾಗ ಕಳಚಿಕೊಳ್ಳಲಷ್ಟೇ ಯೋಗ್ಯ. ನೂರು ಎಂದರೆ ಸಂಪೂರ್ಣ ನಾಶ, ಅಥವಾ ಶತ್ರು ನೆಲದ ಇಲ್ಲವೇ ಸಮುದ್ರದ ಮೇಲೆ ಕಾಣೆ. ಇದು ಸಿಬ್ಬಂದಿಯ ಗಾಯದ ಅಂಕಿಯೆಂದು ತಿಳಿದು ಉದ್ದುದ್ದ ತೀರ್ಮಾನ ಬರೆದವರನ್ನು ನೋಡಿದ್ದೇನೆ.

ಉತ್ತರ: ತಗ್ಗುನಾಡಿನಿಂದ

ನಾನು ನೆದರ್‌ಲ್ಯಾಂಡ್ಸ್‌ನಲ್ಲಿ ನೆಲೆಸಿದ್ದೇನೆ. ಇಲ್ಲಿನ ಐಸೆಲ್‌ಸ್ಟೈನ್ ಗ್ರಾಮದ ಜರ್ಮನ್ ಯುದ್ಧಸಮಾಧಿಗೆ ಆಗಾಗ ಹೋಗುತ್ತೇನೆ. 31 ಸಾವಿರಕ್ಕೂ ಹೆಚ್ಚು ಸಮಾಧಿಗಳಿರುವ ಆ ಜಾಗದಲ್ಲಿ ಸೈನ್-ವಿಟ್ಗೆನ್‌ಸ್ಟೈನ್, ಲಿಪ್ಪೆ-ವೈಸೆನ್‌ಫೆಲ್ಡ್ ಎಂಬ ಇಬ್ಬರು ರಾಜವಂಶದ ರಾತ್ರಿ ಕಾಳಗದ ಪೈಲಟ್‌ಗಳ ಶಿಲುಬೆಗಳನ್ನು ಹುಡುಕಿಕೊಂಡು ಬರುವವರು ಬಹಳ ಮಂದಿ. ಅವರ ಹಿಂದಿನ ಆಸನಗಳಲ್ಲಿ ಕುಳಿತಿದ್ದವರು ಯಾರು ಎಂದು ಕೇಳುವವರು ಕಡಿಮೆ. ತಾವು ಒಬ್ಬ ಉಂಟರ್‌ಆಫಿಟ್ಸಿಯರ್‌ನನ್ನು ಹುಡುಕುತ್ತಿರುವುದು ನನಗೆ ಹಿಡಿಸಿತು. ಆದರೆ ಅದಕ್ಕೆ ತಕ್ಕ ತಾಳ್ಮೆ ಬೇಕು, ಏಕೆಂದರೆ ಅಧಿಕಾರಿಗಳ ವೈಯಕ್ತಿಕ ಕಡತಗಳು ಉಳಿದಷ್ಟು ಕೆಳದರ್ಜೆಯವರದು ಉಳಿದಿಲ್ಲ.

ತಮ್ಮ ಕೊನೆಯ ಪ್ರಶ್ನೆಗೆ ನೇರ ಉತ್ತರ: ಅಗೆಯಬೇಡಿ, ಬೇರೆಯವರಿಂದ ಅಗೆಸಲೂಬೇಡಿ. ಜರ್ಮನಿಯಲ್ಲಿ ಪುರಾತತ್ತ್ವ ಮತ್ತು ಸ್ಮಾರಕ ರಕ್ಷಣೆಯ ಕಾನೂನು ಆಯಾ ರಾಜ್ಯದ್ದು. ಉಲ್ಮ್ ಇರುವುದು ಬಾಡೆನ್-ವ್ಯುರ್ಟೆಂಬರ್ಗ್‌ನಲ್ಲಿ, ಡಾನ್ಯೂಬ್ ಸೇತುವೆ ದಾಟಿದರೆ ಬವೇರಿಯಾ; ಹಾಗಾಗಿ ಜಾಗ ಯಾವ ದಡದಲ್ಲಿದೆ ಎಂಬುದರ ಮೇಲೆ ಯಾವ ಕಚೇರಿ ಎಂಬುದು ನಿರ್ಧಾರವಾಗುತ್ತದೆ. ಬವೇರಿಯಾ 2023ರ ಜುಲೈನಿಂದ ನೆಲದಡಿ ಸಿಕ್ಕ ಪುರಾತನ ವಸ್ತುಗಳು ರಾಜ್ಯಕ್ಕೇ ಸೇರುತ್ತವೆ ಎಂಬ ನಿಯಮವನ್ನೂ ತಂದಿದೆ. ಮೃತರ ಅವಶೇಷಗಳನ್ನು ಕಲಕುವುದು ದೇಶದ ದಂಡಸಂಹಿತೆಯ 168ನೆಯ ವಿಧಿಯಡಿ ಅಪರಾಧ. ಇವೆಲ್ಲ ಒತ್ತಟ್ಟಿಗಿರಲಿ, ರಾಕೆಟ್ ಮತ್ತು ಫಿರಂಗಿ ಗುಂಡು ತುಂಬಿಕೊಂಡು ಬಿದ್ದ ವಿಮಾನದ ಮೇಲೆ ಸಲಿಕೆ ಹಾಕುವುದು ಎಂಬತ್ತು ವರ್ಷಗಳ ನಂತರವೂ ಅಪಾಯಕಾರಿ. ಬ್ರಿಟನ್‌ನಲ್ಲಿ 1986ರ ಕಾಯ್ದೆಯೊಂದು ಆ ನೆಲದಲ್ಲಿ ಬಿದ್ದ ಎಲ್ಲ ಸೇನಾ ವಿಮಾನಗಳಿಗೂ, ಜರ್ಮನ್ ವಿಮಾನಗಳಿಗೂ, ಅನ್ವಯಿಸುತ್ತದೆ. ರಕ್ಷಣಾ ಇಲಾಖೆಯ ಪರವಾನಗಿ ಇಲ್ಲದೆ ಮುಟ್ಟುವಂತಿಲ್ಲ. ಇಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ಕಾಣೆಯಾದ ಸಿಬ್ಬಂದಿ ಇನ್ನೂ ಒಳಗಿರಬಹುದಾದ ವಿಮಾನಗಳನ್ನು ಮೇಲೆತ್ತಲು ಸರ್ಕಾರವೇ 2019ರಲ್ಲಿ ಒಂದು ರಾಷ್ಟ್ರೀಯ ಯೋಜನೆ ಆರಂಭಿಸಿದೆ, ಗುರುತು ಹಿಡಿಯುವ ಕೆಲಸ ಭೂಸೇನೆಯ ವಿಶೇಷ ಘಟಕದ್ದು. ಸ್ಮರಣಿಕೆಗಳ ಮಾರಾಟಗಾರರು ಜಾಗದ ಸುಳಿವಿಗಾಗಿ ಇಂಥ ಚರ್ಚೆಗಳನ್ನು ಓದುತ್ತಿರುತ್ತಾರೆ. ದಯವಿಟ್ಟು ಊರಿನ ಹೆಸರು ತಿಳಿದರೂ ಇಲ್ಲಿ ಬರೆಯಬೇಡಿ.

ಅಧಿಕೃತವಾಗಿ ನಡೆದ ಉತ್ಖನನದಲ್ಲಿ ಗುರುತು ಹತ್ತುವುದು ಹೆಚ್ಚಾಗಿ ಬಿಲ್ಲೆಯಿಂದ. ಅಂಡಾಕಾರದ ಆ ಲೋಹದ ಬಿಲ್ಲೆಯ ನಡುವೆ ಸೀಳುಗಳಿದ್ದು, ಎರಡು ಅರ್ಧಗಳಲ್ಲೂ ಒಂದೇ ಸಂಖ್ಯೆ ಕೆತ್ತಿರುತ್ತದೆ. ದೇಹ ಸಿಕ್ಕಾಗ ಕೆಳಗಿನ ಅರ್ಧವನ್ನು ಮುರಿದು ವರದಿಯ ಜೊತೆ ಕಳುಹಿಸಿ ಮೇಲಿನ ಅರ್ಧವನ್ನು ದೇಹದ ಜೊತೆಗೇ ಹೂಳುತ್ತಿದ್ದರು. ಹಾಗಾಗಿ ಇಡೀ ಬಿಲ್ಲೆ ಮಣ್ಣಿನಲ್ಲಿ ಸಿಕ್ಕಿತೆಂದರೆ ಆ ಸಾವನ್ನು ಅಂದು ಯಾರೂ ದಾಖಲಿಸಿರಲಿಲ್ಲ ಎಂದೇ ಹೆಚ್ಚಿನ ಸಂದರ್ಭಗಳಲ್ಲಿ ಅರ್ಥ. ಸಂಖ್ಯೆಯನ್ನು ಹೆಸರಾಗಿ ಬಿಡಿಸುವ ಪಟ್ಟಿಗಳು ಇರುವುದು ಮತ್ತೆ ಬರ್ಲಿನ್‌ನಲ್ಲೇ.

ನೆಲದ ಮೇಲೆ ಕಾಣೆಯಾದವರಿಗೂ ಸಮುದ್ರದ ಮೇಲೆ ಕಾಣೆಯಾದವರಿಗೂ ಇರುವ ಅಂತರವನ್ನು ಆ ಹಿರಿಯರಿಗೆ ಹೇಳಬಹುದು ಅನ್ನಿಸುತ್ತದೆ. ರಾತ್ರಿ ಕಾಳಗದಲ್ಲಿ ನಲವತ್ತಕ್ಕೂ ಹೆಚ್ಚು ವಿಮಾನಗಳನ್ನು ಉರುಳಿಸಿದ್ದ ಲುಡ್‌ವಿಗ್ ಬೆಕರ್ 1943ರ ಫೆಬ್ರವರಿ 26ರಂದು, ಹಗಲಿನಲ್ಲಿ ಅಮೆರಿಕನ್ ಬಾಂಬರ್‌ಗಳನ್ನು ತಡೆಯಲು ಲೇವಾರ್ಡೆನ್‌ನಿಂದ ಹೊರಟು, ರೇಡಿಯೋ ನಿರ್ವಾಹಕ ಯೋಸೆಫ್ ಸ್ಟೌಬ್ ಜೊತೆ ಉತ್ತರ ಸಮುದ್ರದ ಮೇಲೆ ಕಾಣೆಯಾದರು. ಎರಡನೆಯ ಯಾಗ್ಡ್‌ಗೆಶ್ವಾಡರ್‌ನ (ಯುದ್ಧವಿಮಾನ ದಳದ) ನಾಯಕ ಹೆಲ್ಮುಟ್ ವಿಕ್ 1940ರ ನವೆಂಬರ್ 28ರಂದು ಇಂಗ್ಲೆಂಡಿನ ದಕ್ಷಿಣದ ವೈಟ್ ದ್ವೀಪದ ಬಳಿ ಪ್ಯಾರಾಚೂಟ್‌ನಲ್ಲಿ ಇಳಿದುದನ್ನು ಕಂಡವರಿದ್ದರು. ಅಷ್ಟು ಹೆಸರಾದವರನ್ನು ಹುಡುಕಲು ಎಲ್ಲ ಸಾಧನಗಳನ್ನೂ ಬಳಸಿದ್ದರೂ ಮೂವರೂ ಸಿಗಲಿಲ್ಲ. ತಮ್ಮದು ಹಾಗಲ್ಲ. ಹೊಲ, ಹಳ್ಳಿ, ಚರ್ಚು, ಪೊಲೀಸ್ ಠಾಣೆ ಇರುವ ನೆಲದಲ್ಲಿ ಹಗಲುಹೊತ್ತು ಬಿದ್ದ ವಿಮಾನ ಅದು. ಪೈಲಟ್‌ನ ಊರು ಸಿಕ್ಕರೆ ಆ ಹಳ್ಳಿಯ ಚರ್ಚಿನ ಸಮಾಧಿ ಪುಸ್ತಕವನ್ನೂ ಸುತ್ತಲಿನ ಹಳ್ಳಿಗಳ ಮರಣ ನೋಂದಣಿಯನ್ನೂ ನೋಡಬಹುದು. ಜರ್ಮನಿಯಲ್ಲಿ ಮರಣದ ನೋಂದಣಿಗಳು ಮೂವತ್ತು ವರ್ಷಗಳ ನಂತರ ಪತ್ರಾಗಾರಕ್ಕೆ ಹೋಗುವುದರಿಂದ ಅದಕ್ಕೆ ಸಂಬಂಧಿಯೇ ಆಗಿರಬೇಕೆಂಬ ನಿರ್ಬಂಧವೂ ಇಲ್ಲ.

ಡಾನ್ಯೂಬ್‌ತೀರ

ಮೂವರಿಗೂ ಕೃತಜ್ಞನಾಗಿದ್ದೇನೆ. ಫೋಲ್ಕ್ಸ್‌ಬುಂಡ್ ಕೋಶದಲ್ಲಿ ಪೈಲಟ್‌ನ ಹೆಸರು ಸಿಕ್ಕಿದೆ. ಮರಣದ ದಿನಾಂಕ 16.03.1944, ಮರಣಸ್ಥಳವಾಗಿ ಬವೇರಿಯಾ ಬದಿಯ ಒಂದು ಚಿಕ್ಕ ಗ್ರಾಮದ ಹೆಸರಿದೆ. ಸಲಹೆಯಂತೆ ಅದನ್ನು ಇಲ್ಲಿ ಬರೆಯುತ್ತಿಲ್ಲ. ಆದರೆ ಸಮಾಧಿ ಇರುವುದು ಅಲ್ಲಲ್ಲ, ದೂರದ ವೆಸ್ಟ್‌ಫಾಲಿಯಾದಲ್ಲಿರುವ ಅವರ ಸ್ವಂತ ಊರಿನಲ್ಲಿ. ಚಿಕ್ಕಪ್ಪನ ಹೆಸರು ಸಿಗಲಿಲ್ಲ. ಅದೇ ಅಡ್ಡಹೆಸರಿನ, ಒಂದು ಅಕ್ಷರ ವ್ಯತ್ಯಾಸವಿರುವ, ಜನ್ಮದಿನಾಂಕವಿಲ್ಲದ ಒಂದು ನಮೂದು ಆಗ್ಸ್‌ಬುರ್ಗ್ ಪ್ರದೇಶದಲ್ಲಿದೆ; ಮರಣದ ದಿನಾಂಕ 1944ರ ಏಪ್ರಿಲ್ ಎಂದಿದೆ. ಭಾವಚಿತ್ರದಲ್ಲಿ ಬಾಲದ ಮೇಲಿನ ಅಂಕಿಗಳಲ್ಲಿ ಮೂರು ಮಾತ್ರ ಓದಲು ಬರುತ್ತವೆ. ಅಜ್ಜಿ 1950ರಲ್ಲಿ ರೆಡ್‌ಕ್ರಾಸ್‌ಗೆ ಅರ್ಜಿ ತುಂಬಿದ್ದನ್ನು ಹಿರಿಯರು ನೆನಪಿಸಿಕೊಂಡರು. ಆ ಏಪ್ರಿಲ್ ನಮೂದಿನ ವಿಷಯವನ್ನು ಅವರಿಗೆ ಈಗಲೇ ಹೇಳಬಹುದೇ?

ಉತ್ತರ: ಕಡತದಮನೆ

ಈಗಲೇ ಹೇಳಬೇಡಿ. ಏಪ್ರಿಲ್ ಎಂಬುದು ಎರಡು ರೀತಿಯಲ್ಲಿ ಬಂದಿರಬಹುದು. ಮಾರ್ಚ್‌ನಲ್ಲಿ ಬಿದ್ದವನು ಏಪ್ರಿಲ್‌ನಲ್ಲಿ ಸಿಕ್ಕಾಗ ಸಿಕ್ಕ ದಿನವನ್ನೇ ಮರಣದ ದಿನವೆಂದು ಹಳ್ಳಿಯ ಗುಮಾಸ್ತ ಬರೆದಿರುವುದುಂಟು. ಅಷ್ಟೇ ಸುಲಭವಾಗಿ ಅದು ಏಪ್ರಿಲ್‌ನಲ್ಲೇ ಸತ್ತ, ವಿಮಾನಕ್ಕೆ ಸಂಬಂಧವೇ ಇಲ್ಲದ ಕಾಲಾಳು ಒಬ್ಬನ ನಮೂದೂ ಆಗಿರಬಹುದು; ಆ ವರ್ಷ ಆ ಪ್ರದೇಶದಲ್ಲಿ ಸತ್ತ ಸೈನಿಕರು ಕಡಿಮೆಯಿಲ್ಲ. ಜನ್ಮದಿನಾಂಕ ಇಲ್ಲದಿರುವುದು ಮೊದಲನೆಯದರ ಕಡೆಗೆ ಸ್ವಲ್ಪ ವಾಲುತ್ತದೆ, ಏಕೆಂದರೆ ಬಿಲ್ಲೆ ಅಥವಾ ಕಾಗದಪತ್ರ ಕೈಯಲ್ಲಿದ್ದವರು ಜನ್ಮದಿನಾಂಕವನ್ನು ಬಿಡುತ್ತಿರಲಿಲ್ಲ. ಆದರೆ ವಾಲುವುದು ಸಾಕ್ಷ್ಯವಲ್ಲ. ಆ ವಯಸ್ಸಿನವರಿಗೆ ಒಂದು ಸಮಾಧಿಯನ್ನು ತೋರಿಸಿ ಆಮೇಲೆ ಅದು ಬೇರೆಯವರದು ಎನ್ನುವುದಕ್ಕಿಂತ ಕಾಯುವುದು ಲೇಸು.

ತಡವಾಗಿ ಸಿಗುವುದು ಅಪರೂಪವಲ್ಲ ಎಂಬುದಕ್ಕೆ ಪ್ರಸಿದ್ಧ ನಿದರ್ಶನವಿದೆ. ಅಡಾಲ್ಫ್ ಗಾಲಂಡ್ ಅವರ ಕಿರಿಯ ಸಹೋದರ ವಿಲ್ಹೆಲ್ಮ್-ಫರ್ಡಿನಾಂಡ್ ಗಾಲಂಡ್ 26ನೆಯ ಯಾಗ್ಡ್‌ಗೆಶ್ವಾಡರ್‌ನ ಎರಡನೆಯ ಗ್ರುಪ್ಪೆಯ, ಅಂದರೆ ಹಲವು ಸ್ಟಾಫೆಲ್‌ಗಳ ಗುಂಪಿನ, ನಾಯಕರಾಗಿದ್ದರು. 1943ರ ಆಗಸ್ಟ್ 17ರಂದು ಮಾಸ್ಟ್ರಿಕ್ಟ್‌ನ ಪಶ್ಚಿಮಕ್ಕೆ ಅವರ ಫೋಕೆ ವುಲ್ಫ್ 190 ಬಿದ್ದಾಗ ಯಾರೂ ನೋಡಿರಲಿಲ್ಲವಾದ್ದರಿಂದ ಕಾಣೆಯಾದವರ ಪಟ್ಟಿಗೆ ಸೇರಿದರು. ಮೆತ್ತನೆಯ ನೆಲದಲ್ಲಿ ಆಳವಾಗಿ ಹೂತುಹೋಗಿದ್ದ ವಿಮಾನದೊಳಗೆ ಅವರ ಅವಶೇಷ ಪತ್ತೆಯಾಗಲು ಎರಡು ತಿಂಗಳು ಹಿಡಿಯಿತು. ಅಣ್ಣ ಇಡೀ ಯುದ್ಧವಿಮಾನ ಪಡೆಯ ಮುಖ್ಯಸ್ಥನಾಗಿದ್ದಾಗಲೇ ಅಷ್ಟು ತಡವಾಯಿತು ಎಂಬುದನ್ನು ಗಮನಿಸಿ. ಒಬ್ಬ ಉಂಟರ್‌ಆಫಿಟ್ಸಿಯರ್‌ಗಾಗಿ, ಒಂದೇ ದಿನ 26 ವಿಮಾನಗಳನ್ನು ಕಳೆದುಕೊಂಡು ಚೂರಾದ ಗೆಶ್ವಾಡರ್‌ನ ಕಚೇರಿ ಎಷ್ಟು ಹುಡುಕಿತ್ತು ಎಂಬುದನ್ನು ಊಹಿಸಬಹುದು.

ಪೈಲಟ್‌ನ ದೇಹ ವೆಸ್ಟ್‌ಫಾಲಿಯಾಕ್ಕೆ ಹೋಗಿರುವುದರಲ್ಲಿ ವಿಚಿತ್ರವೇನಿಲ್ಲ. ದೇಶದೊಳಗೆ ಸತ್ತವರನ್ನು ಕುಟುಂಬದ ಕೋರಿಕೆಯ ಮೇರೆಗೆ ಸ್ವಂತ ಊರಿಗೆ ಕಳುಹಿಸುತ್ತಿದ್ದರು. ಆದರೆ ಇದರಿಂದ ಒಂದು ಅನುಕೂಲವಿದೆ: ಕಳುಹಿಸುವ ಮುನ್ನ ಆ ಬವೇರಿಯಾದ ಗ್ರಾಮದಲ್ಲಿ ಯಾರೋ ದೇಹವನ್ನು ಒಪ್ಪಿಸಿಕೊಂಡು ಬರೆದಿಟ್ಟಿರುತ್ತಾರೆ. ಗ್ರಾಮ ಪುರಸಭೆಗೂ ಚರ್ಚಿನ ಕಚೇರಿಗೂ ಪ್ರತ್ಯೇಕವಾಗಿ ಬರೆಯಿರಿ. ಎರಡು ಕಡೆಯೂ ಕೇಳಬೇಕಾದ ಪ್ರಶ್ನೆ ಒಂದೇ: 1944ರ ಮಾರ್ಚ್‌ನಿಂದ 1950ರವರೆಗೆ ತಮ್ಮಲ್ಲಿ ಅಥವಾ ಪಕ್ಕದ ಹಳ್ಳಿಗಳಲ್ಲಿ ಅಜ್ಞಾತ ವಿಮಾನ ಸಿಬ್ಬಂದಿಯನ್ನು ಹೂಳಿದ ದಾಖಲೆ ಇದೆಯೇ, ಇದ್ದರೆ ಆಮೇಲೆ ಅದನ್ನು ಬೇರೆ ಯುದ್ಧಸಮಾಧಿಗೆ ಸ್ಥಳಾಂತರಿಸಿದ್ದಾರೆಯೇ. ಏಪ್ರಿಲ್ ನಮೂದಿಗೆ ಆಧಾರವೇನು ಎಂದು ಫೋಲ್ಕ್ಸ್‌ಬುಂಡ್‌ಗೆ ಬೇರೆ ಪತ್ರ ಹೋಗಲಿ. ರೆಡ್‌ಕ್ರಾಸ್‌ಗೆ ಬರೆಯುವಾಗ ಅಜ್ಜಿಯ ಹೆಸರನ್ನೂ 1950ರಲ್ಲಿ ಅವರು ವಾಸವಿದ್ದ ಊರನ್ನೂ ತಿಳಿಸಿ. ಅವರ ಕಡತ ಅರ್ಜಿದಾರರ ಹೆಸರಿನಲ್ಲೂ ಸಿಗುತ್ತದೆ.

ಬರ್ಲಿನ್‌ಗೆ ಹೋಗುವ ಅರ್ಜಿಯಲ್ಲಿ ಚಿಕ್ಕಪ್ಪನ ಜನ್ಮದಿನಾಂಕ, ಪೈಲಟ್‌ನ ಪೂರ್ಣ ಹೆಸರು, ಸೇನಾ ಅಂಚೆ ಸಂಖ್ಯೆ ಮತ್ತು ಆ ಗ್ರಾಮದ ಹೆಸರು ಮೊದಲ ಪ್ಯಾರಾದಲ್ಲೇ ಬರಲಿ. ಭಾವಚಿತ್ರದ ಮೂರು ಅಂಕಿಗಳನ್ನು ಅಲ್ಲಿ ಬರೆಯಬೇಡಿ. ಅವು ಮಾರುತಹಳಬರ ಕಡೆಯ ಕೆಲಸ. ಲಕೋಟೆಯ ಎರಡೂ ಬದಿಗಳ ಪ್ರತಿಯನ್ನು ಲಗತ್ತಿಸಿ, ಅಂಚೆ ಮುದ್ರೆ ಮಸುಕಾಗಿದ್ದರೂ ಸರಿ.